ಮೂರನೇ ಅಶ್ವಿನಿ

ಡೊಂಬಿವಲಿಯ ರಾಮನಗರದಲ್ಲಿ, ಔಷಧದಂಗಡಿಯ ಮೇಲೆ,
ಮಕ್ಕಳ ಡಾಕ್ಟರ ಬಾಗಿಲಲ್ಲಿ ಕೂತು
ಏಳು ವರ್ಷ ಹೆಸರು ಕೂಗಿದವಳು ನಾನು.
ಬುಧವಾರ ಲಸಿಕೆಯ ದಿನ.
'ಮಾಯ್ರಾ' ಎಂದರೆ ಮೂವರು ತಾಯಂದಿರು ಏಳುತ್ತಾರೆ,
'ಅನ್ವಿ' ಎಂದರೆ ಐವರು.
ಒಬ್ಬಾಕೆ ಕೂತಲ್ಲಿಂದಲೇ ಕೇಳುತ್ತಾಳೆ:
ಯಾವ ಅನ್ವಿ, ಕುಲಕರ್ಣಿಯದೋ ಗಾಯಕವಾಡದ್ದೋ?
ಆಗ ನಗುತ್ತಿದ್ದೆ.

ಈಗ ನನ್ನ ತೊಡೆಯ ಮೇಲೆ ನಲವತ್ತೊಂದು ದಿನದ್ದು.
ಆಸ್ಪತ್ರೆಯ ಚೀಟಿಯಲ್ಲಿ ಅದು 'ಅಶ್ವಿನಿಯ ಹೆಣ್ಣು ಮಗು',
ಜನನ ಪತ್ರದಲ್ಲಿ ಒಂದು ಅಡ್ಡಗೆರೆ.
ಕೆಲಸದ ಸುಲೂಬಾಯಿಗೆ ಮಾತ್ರ ತಕರಾರಿಲ್ಲ,
ಬಂದವಳೇ 'ಚಿಮಣೀ' ಅನ್ನುತ್ತಾಳೆ.
ಅವಳ ಮರಾಠಿಯಲ್ಲಿ ಅದು ಗುಬ್ಬಿ,
ನಮ್ಮವ್ವನ ಕಿವಿಗೆ ಸೀಮೆಎಣ್ಣೆಯ ದೀಪ.
'ಮಸಿ ಹಿಡದೀತು, ಹಂಗ ಕರೀಬ್ಯಾಡ' ಎಂದು ಅವ್ವ
ಕನ್ನಡದಲ್ಲೇ ಗದರುತ್ತಾಳೆ.
ಸುಲೂಬಾಯಿ ಹೂಂಗುಡುತ್ತಾಳೆ, ಮತ್ತೆ 'ಚಿಮಣೀ'.

ಮಲ್ಲಿನಾಥನದು ಒಂದೇ ಹಟ,
ಊರಲ್ಲಿ ಯಾರಿಗೂ ಇರದ ಹೆಸರು ಬೇಕು.
ಎಂಟೂ ಹದಿನಾಲ್ಕರ ಲೋಕಲ್ಲಿನಲ್ಲಿ ಒಂದು ಕೈ ಹಿಡಿಕೆಗೆ,
ಇನ್ನೊಂದರಲ್ಲಿ ಫೋನು.
ಠಾಣೆಯಿಂದ ಬರುತ್ತದೆ: 'ಇರಾಜ್ಞಿ?'
ಘಾಟ್ಕೋಪರಿನಿಂದ: 'ಬೇಡ, ಆಫೀಸಿನ ದೇಸಾಯಿಯ ಮೊಮ್ಮಗಳಿಗೆ ಇಟ್ಟಾಗಿದೆ.'
ಕುರ್ಲಾದಿಂದ: 'ತನಿರಿಕಾ. ಅರ್ಥ ಗೊತ್ತಿಲ್ಲ.'

ಒಂದು ರಾತ್ರಿ ಅದರ ಹಣೆಯ ಬೆವರು ಒರೆಸುತ್ತ
'ಹನಿ' ಎಂದೆ ನಾನು.
ಎಷ್ಟು ಚಿಕ್ಕದು, ಎಷ್ಟು ನಮ್ಮದು.
ಬೆಳಿಗ್ಗೆ ಎದುರುಮನೆಯ ಪರುಳೇಕರ್ ಕಾಕು ಚಪ್ಪಾಳೆ ತಟ್ಟಿದರು:
'ವಾ, ಹನಿ! ಜೇನುತುಪ್ಪ! ಮೂರನೇ ಮಹಡಿಯ ನಾಯಿಯೂ ಹನಿಯೇ,
ಅದೇ, ಆ ಬಿಳೀದು.'
ಹನಿ ಅಲ್ಲೇ ಆರಿತು.

ಗೋಧಿ ಡಬ್ಬಿಯಲ್ಲಿ ಬಚ್ಚಿಟ್ಟ ಬೆಂಡೋಲೆಯ ಹಾಗೆ
ಅವ್ವ ಜಮಖಂಡಿಯಿಂದ ತನ್ನ ಅಜ್ಜಿಯ ಹೆಸರು ತಂದಿದ್ದಳು, ಹೊನ್ನವ್ವ.
ನಾವು ಗಿಡ್ಡ ಮಾಡಿದೆವು, ಹೊನ್ನಿ.
ಪಾಲಿಕೆಯ ಕಿಟಕಿಯಲ್ಲಿ ಗುಮಾಸ್ತ ಪೆನ್ನೆತ್ತಿ ನಿಂತ.
ಅವನ ಅಕ್ಷರಮಾಲೆಯಲ್ಲಿ ಗಿಡ್ಡ 'ಒ' ಇಲ್ಲ.
'ಹೋನ್ನಿ' ಎಂದು ಬರೆದು ತೋರಿಸಿದ, ಒಳ್ಳೆಯವನೇ, ಪಾಪ.
ನನ್ನ ಮುತ್ತಜ್ಜಿ ಕಿಟಕಿಯಾಚೆ
ಎಳೆದ ದನಿಯಲ್ಲಿ, ಬೇರೆ ಯಾರೋ ಆಗಿ ನಿಂತಿದ್ದಳು.
ನಾಳೆ ಬರ್ತೀವಿ, ಎಂದೆವು.

ಮಲ್ಲಿನಾಥನಿಗೆ ನಾನಿನ್ನೂ ಹೇಳಿಲ್ಲ.
ಐದನೇ ಇಯತ್ತೆ, ಬ ತುಕಡಿ, ಎಪ್ಪತ್ತು ಮಕ್ಕಳು,
ಅದರಲ್ಲಿ ನಾಲ್ವರು ಅಶ್ವಿನಿಯರು.
ಬಾಯಿಯವರು ನಮಗೆ ನಂಬರು ಹಾಕಿದ್ದರು.
ನಾನು ಮೂರನೆಯವಳು,
ಕರೆದಾಗೆಲ್ಲ ಅರ್ಧ ಎದ್ದು, ಅರ್ಧ ಕೂತು ಬೆಳೆದವಳು.
'ಬೇರೆ ಹೆಸರೇ ಸಿಗಲಿಲ್ಲವೇ' ಎಂದು ಅತ್ತಾಗ ಅಪ್ಪ
ಹೋಟೆಲಿನ ಚಿಲ್ಲರೆ ಎಣಿಸುತ್ತಲೇ ಅಂದಿದ್ದ:
'ಸಿಕ್ಕಿದ್ದವು. ನನಗ ಇದು ಛಲೋ ಅನಿಸ್ತು.'

ಆ ವರ್ಷ ಕಾಮಾಲೆಯಾಗಿ ಇಪ್ಪತ್ತು ದಿನ ಮಲಗಿದೆ.
ಎರಡನೇ ಅಶ್ವಿನಿ, ಸಾಳವಿಯವರ ಹುಡುಗಿ,
ಹಿಂದಿನ ಬೆಂಚಿನಿಂದ ದನಿ ಬದಲಿಸಿ
ನನ್ನ ಸರದಿಗೂ 'ಹಜರ್' ಎಂದಳಂತೆ.
ಮರಳಿದಾಗ ಹಾಜರಿ ಪುಸ್ತಕದಲ್ಲಿ ನಾನು ಒಂದು ದಿನವೂ ತಪ್ಪಿರಲಿಲ್ಲ.
ಈಗ ಎಲ್ಲಿದ್ದಾಳೋ.
ಪ್ಲಾಟ್‌ಫಾರ್ಮಿನ ನೂಕುನುಗ್ಗಲಲ್ಲಿ ಯಾರಾದರೂ 'ಅಶ್ವಿನೀ' ಎಂದರೆ
ನನ್ನನ್ನಲ್ಲವೆಂದು ಗೊತ್ತಿದ್ದೂ ತಿರುಗುತ್ತೇನೆ,
ಅವಳಿರಬಹುದು.

ಪಾರಸಿಕ್ ಸುರಂಗಕ್ಕೆ ಮುಂಚೆ ಮಲ್ಲಿನಾಥ ಕಳಿಸಿದ್ದಾನೆ:
'ಅನ್ವಿ ಹೇಗೆ? ಬಹಳ ಮಂದಿ ಇದ್ದಾರೇನು?'
ಐವರು, ಎಂದು ಬರೆದೆ.
ಅಳಿಸಿದೆ.
ಬಗ್ಗಿ ಮೆಲ್ಲಗೆ ಕರೆದು ನೋಡಿದೆ, ಅನ್ವೀ.
ಆಕಳಿಸಿತು.

ಬಾಗಿಲ ಬಳಿ ಸುಲೂಬಾಯಿ ಚಪ್ಪಲಿ ಬಿಡುವ ಸದ್ದು.
ಅವಳಿನ್ನೂ ಬಾಯಿ ತೆರೆದಿಲ್ಲ,
ಆಗಲೇ ಇದು ಇಡೀ ಮೈಯಿಂದ
ಆ ಕಡೆ ಹೊರಳಲು ನೋಡುತ್ತಿದೆ.